ಓದದೇ ವಾಪಸು ಕಳಿಸಿದ ಉತ್ತರಪತ್ರಿಕೆ

ಗಣಿತ ಸ್ಪರ್ಧೆಗಳ ತರಬೇತಿ ಶಿಬಿರಕ್ಕೆ ಪ್ರೌಢಶಾಲೆಯ ಮಕ್ಕಳನ್ನು ಆರಿಸುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ಮೊಮ್ಮಗಳು ಟೇಗನ್ ನಾಲ್ಕು ಗಂಟೆ ಕೂತು ಬರೆದ ಉತ್ತರಪತ್ರಿಕೆಯನ್ನು ನೀವು ಓದದೇ ವಾಪಸು ಕಳಿಸಿದ್ದೀರಿ. ತಪ್ಪು ಬರೆದಿದ್ದಾಳೆಂದಲ್ಲ, ನಕಲು ಮಾಡಿದ್ದಾಳೆಂದೂ ಅಲ್ಲ. ಅರ್ಧ ಗಂಟೆ ತಡವಾಗಿ ಶುರು ಮಾಡಿದಳು ಎಂದು. ಇಲ್ಲಿ ಹಚ್ಚಿದ ಅಂಟು ಲಕೋಟೆಯ ಮೇಲೆ ಹಾಗೇ ಇತ್ತು, ಉಗುರು ತಾಗಿದ ಗುರುತೂ ಇರಲಿಲ್ಲ. ಜೊತೆಗೆ ಆರು ಸಾಲಿನ ಒಂದು ಪತ್ರ. ಐದನೆಯ ಸಾಲು, ಈ ತೀರ್ಮಾನವೇ ಅಂತಿಮ. ಆರನೆಯ ಸಾಲು, ನಿಮ್ಮ ಮುಂದಿನ ಕಲಿಕೆಗೆ ಶುಭ ಹಾರೈಕೆಗಳು. ಬಾಗಿಲು ಮುಖಕ್ಕೆ ಹಾಕಿ ಒಳಗಿನಿಂದ ಆಶೀರ್ವಾದ ಮಾಡುವ ಈ ವಿದ್ಯೆಯನ್ನು ತಾವು ಯಾವ ಶಾಲೆಯಲ್ಲಿ ಕಲಿತಿರೋ ನಾನರಿಯೆ. ನಾನು ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟವನು, ಅಲ್ಲಿಯವರೆಗೆ ಅದನ್ನು ಕಲಿಸಿರಲಿಲ್ಲ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಬ್ರೋಕನ್ ಹಿಲ್ ಊರಿನವನು, ವಯಸ್ಸು ಎಪ್ಪತ್ತೆಂಟು, ನಲವತ್ತೊಂದು ವರ್ಷ ಇಲ್ಲಿನ ಸೀಸದ ಗಣಿಯಲ್ಲಿ ನೆಲದ ಕೆಳಗೆ ದುಡಿದವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ಪತ್ರವನ್ನು ಅಚ್ಚು ಹಾಕಲು ಒಪ್ಪಿದ ನಮ್ಮೂರ ಪತ್ರಿಕೆಯ ಸಂಪಾದಕರು ಮೂರು ಪದಗಳನ್ನು ಹೊಡೆದು ಹಾಕಿದ್ದಾರೆ. ಆ ಮೂರೂ ತಮ್ಮ ಬಗ್ಗೆಯೇ ಇದ್ದವು. ಓದುವಾಗ ಎಲ್ಲಾದರೂ ವಾಕ್ಯ ಕುಂಟಿದಂತೆ ಕಂಡರೆ ಅಲ್ಲಿ ಒಂದು ಪದ ಇತ್ತೆಂದು ತಿಳಿದುಕೊಳ್ಳಬೇಕು.

ನಮ್ಮೂರ ಗಡಿಯಾರದ ಕಥೆ ತಮಗೆ ಗೊತ್ತಿಲ್ಲವೆಂದು ತಮ್ಮ ಕಚೇರಿಗೆ ಫೋನ್ ಮಾಡಿದಾಗ ಗೊತ್ತಾಯಿತು. ಕಾಯಿರಿ ಎಂದು ಇಪ್ಪತ್ತು ನಿಮಿಷ ಪಿಯಾನೋ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಮಾತಿಗೆ ಸಿಕ್ಕಳು. ಒಳ್ಳೆಯವಳೇ. ನಾನು ಅರ್ಧ ಗಂಟೆಯ ವಿಷಯ ವಿವರಿಸಿದಾಗ ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ನೀವು ನಮ್ಮ ರಾಜ್ಯದಲ್ಲೇ ಇದ್ದೀರಲ್ಲ ಸರ್, ಮತ್ತೆ ನಿಮಗ್ಯಾಕೆ ಬೇರೆ ಟೈಮು?"

"ನೂರಿಪ್ಪತ್ತು ವರ್ಷದ ಮೇಲಾಯ್ತು ತಾಯಿ, ಇವತ್ತು ಕೇಳ್ತಿದ್ದೀರಾ," ಎಂದೆ.

ರಾಜ್ಯ ಸಿಡ್ನಿಯದು, ಆದರೆ ಗಣಿಗೆ ರೈಲು ಬಂದದ್ದು ಪಕ್ಕದ ರಾಜ್ಯದ ಅಡಿಲೇಡ್ ಕಡೆಯಿಂದ. ಅದಿರು ಆ ಕಡೆ ಹೋಯಿತು, ಗಡಿಯಾರವೂ ಆ ಕಡೆಗೇ ತಿರುಗಿತು. ಸಿಡ್ನಿಯಲ್ಲಿ ಒಂಬತ್ತಾದಾಗ ನಮ್ಮಲ್ಲಿ ಎಂಟೂವರೆ. ಊರಿಗೆಲ್ಲ ಒಂದು ದಾರಿ, ಎಡವಟ್ಟನಿಗೆ ಒಂದು ದಾರಿ ಎಂದು ತಾವು ನಗಬಹುದು. ನಮಗೆ ಮಾತ್ರ ಅದೊಂದು ಹೆಮ್ಮೆ. ಆ ಹೆಮ್ಮೆಯ ಸುದ್ದಿಗೆ ಆಮೇಲೆ ಬರುತ್ತೇನೆ, ಬರದೆ ಗತಿಯಿಲ್ಲ.

ಮೊದಲು ಹುಡುಗಿಯ ವಿಷಯ. ನಮ್ಮೂರ ಪ್ರೌಢಶಾಲೆಯಲ್ಲಿ ಮಿಸ್ ಸ್ಪಿಟೇರಿ ಎಂಬ ಗಣಿತದ ಮೇಡಂ ಇದ್ದಾರೆ. ಅವರಪ್ಪ ಮಾಲ್ಟಾದಿಂದ ಬಂದವನು, ನನ್ನ ಜೊತೆ ಒಂದೇ ಗುಂಡಿಯಲ್ಲಿ ಇಳಿಯುತ್ತಿದ್ದ. ಮೂರು ವರ್ಷದ ಹಿಂದೆ ಆ ಮೇಡಂ ಶನಿವಾರ ಬೆಳಗ್ಗೆ ಸ್ಪರ್ಧೆಯ ಲೆಕ್ಕಗಳ ತರಗತಿ ಶುರು ಮಾಡಿದರು. ಸಂಬಳವಿಲ್ಲ, ಫ್ಯಾನೂ ಇಲ್ಲ. ಐದು ಮಕ್ಕಳು ಸೇರಿದ್ದವು. ಇಬ್ಬರನ್ನು ಫುಟ್‌ಬಾಲ್ ಎಳೆದುಕೊಂಡಿತು, ಒಬ್ಬನ ಅಪ್ಪ ಬೇರೆ ಗಣಿಗೆ ಹೋದ, ಒಬ್ಬಳಿಗೆ ಬೇಸರ ಬಂತು. ಉಳಿದವಳು ಟೇಗನ್. ಅವಳಮ್ಮನಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸ, ಹಾಗಾಗಿ ಕರೆದುಕೊಂಡು ಹೋಗಿ ಬರುವವನು ನಾನು. ಹೊರಗಿನ ಬೆಂಚಿನಲ್ಲಿ ಕೂತು ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದೆ. ಮಿಸ್ ಸ್ಪಿಟೇರಿ ಹೆಚ್ಚು ಮಾತಾಡುವವರಲ್ಲ. ಮಗು ಉತ್ತರ ಹೇಳಿದರೆ "ಯಾಕೆ?" ಎನ್ನುತ್ತಾರೆ. ಯಾಕೆಂದು ಹೇಳಿದರೆ ಅದಕ್ಕೂ "ಯಾಕೆ?" ಒಂದು ಶನಿವಾರ ನಾನು ಕಿಟಕಿಯಲ್ಲಿ ತಲೆ ತೂರಿಸಿ ಇವತ್ತು ಸೆಕೆ ಜಾಸ್ತಿ ಮೇಡಂ ಎಂದರೆ, ನನ್ನ ಮುಖ ನೋಡದೆ ಅದಕ್ಕೂ ಯಾಕೆ ಎಂದರು. ಹುಡುಗಿ ಬಿದ್ದು ಬಿದ್ದು ನಕ್ಕಳು.

ಈ ತರಬೇತಿ ಎಂದರೇನು ಎಂದು ನಾನು ಕಲಿತದ್ದು ಮನೆಯ ಮೇಜಿನ ಮೇಲೆ, ಇಸ್ಪೀಟೆಲೆಯಲ್ಲಿ. ಟೇಗನ್ ಹನ್ನೊಂದು ಎಲೆಗಳನ್ನು ಮುಖ ಮೇಲೆ ಮಾಡಿ ಸಾಲಾಗಿ ಇಟ್ಟಳು. ಒಂದು ಸಲಕ್ಕೆ ಯಾವುದಾದರೂ ಎರಡನ್ನು ಮಗುಚಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಎಷ್ಟು ಸಲ ಬೇಕಾದರೂ ಮಾಡಬಹುದು. ಕೊನೆಗೆ ಹನ್ನೊಂದೂ ಮಕಾಡೆ ಮಲಗಬೇಕು. ಇದೇನು ಮಹಾ ಎಂದು ಕೂತೆ. ಎರಡು ದಿನ ಮಗುಚಿದೆ. ಯಾವಾಗಲೂ ಒಂದು ಎಲೆ ಮೇಲೆ ನೋಡಿಕೊಂಡು ನನ್ನನ್ನು ಅಣಕಿಸುತ್ತಿತ್ತು. ಮೂರನೆಯ ದಿನ ಎಲೆಗಳನ್ನು ಗೋಡೆಗೆ ಎಸೆದೆ.

ಅವಳು ಒಂದೊಂದಾಗಿ ಎತ್ತಿಕೊಂಡು ಬಂದು ಹೇಳಿದಳು. "ಮುಖ ಮೇಲಿರೋ ಎಲೆ ಎಷ್ಟಿವೆ ಅಂತ ಎಣಿಸ್ತಾ ಹೋಗು ತಾತ. ಹನ್ನೊಂದು, ಒಂಬತ್ತು, ಏಳು, ಮತ್ತೆ ಒಂಬತ್ತು. ಯಾವಾಗ್ಲೂ ಬೆಸ ಸಂಖ್ಯೆನೇ. ಎರಡೆರಡು ಮಗುಚಿದ್ರೆ ಬೆಸ ಬೆಸವಾಗೇ ಇರುತ್ತೆ. ಸೊನ್ನೆ ಬೆಸ ಅಲ್ವಲ್ಲ."

"ಅಂದ್ರೆ ಆಗೋದೇ ಇಲ್ವಾ? ಮತ್ತೆ ಎರಡು ದಿನ ಕತ್ತೆ ಥರ ಯಾಕೆ ದುಡಿಸಿದೆ ನನ್ನ?"

"ಆಗಲ್ಲ ಅಂತ ಮೊದಲೇ ಹೇಳಿದ್ರೆ ನೀನು ನಂಬಿಬಿಡ್ತಿದ್ದೆ. ನಂಬೋದು ಬೇರೆ ತಾತ, ಗೊತ್ತಾಗೋದು ಬೇರೆ."

ಆಗಿನ್ನೂ ಹದಿನಾಲ್ಕು ವರ್ಷದ ಹುಡುಗಿಯ ಬಾಯಲ್ಲಿ ಈ ಮಾತು. ನಾನು ಅರುವತ್ತು ವರ್ಷ ಬರೀ ನಂಬಿಕೊಂಡು ಬದುಕಿದವನು. ಯೂನಿಯನ್ನು ಹೇಳಿದ್ದನ್ನು ನಂಬಿದೆ, ಡಾಕ್ಟರು ಹೇಳಿದ್ದನ್ನು ನಂಬಿದೆ, ನನ್ನ ಮಾತನ್ನಂತೂ ಎಲ್ಲರಿಗಿಂತ ಹೆಚ್ಚು ನಂಬಿದೆ.

ತಮ್ಮ ಕಚೇರಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು, ಹೇಳಿಬಿಡುತ್ತೇನೆ. ತಿಂಗಳಿಗೊಮ್ಮೆ ತಾವು ಅಂಚೆಯಲ್ಲಿ ಐದು ಲೆಕ್ಕ ಕಳಿಸುತ್ತಿದ್ದಿರಿ. ಅವಳು ಬಿಡಿಸಿ ಕಳಿಸಿದರೆ ಯಾರೋ ಪುಣ್ಯಾತ್ಮರು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ವಾಪಸು ಕಳಿಸುತ್ತಿದ್ದರು. ಉತ್ತರ ಮಾತ್ರ ಎಂದೂ ಹೇಳುತ್ತಿರಲಿಲ್ಲ. 'ಇಲ್ಲಿ ಒಂದು ಮೆಟ್ಟಿಲು ಹಾರಿದ್ದೀಯ' ಎಂದಷ್ಟೇ ಇರುತ್ತಿತ್ತು. ಆ ಒಂದು ಸಾಲಿಗಾಗಿ ಅವಳು ಅಂಚೆಪೆಟ್ಟಿಗೆಯ ಬಳಿ ಕಾಯುತ್ತಿದ್ದಳು. ಬೇರೆ ಹುಡುಗಿಯರು ಏನೇನಕ್ಕೋ ಕಾಯುತ್ತಾರೆ, ಇವಳು ತನ್ನ ತಪ್ಪನ್ನು ಯಾರಾದರೂ ತೋರಿಸಲಿ ಎಂದು ಕಾಯುತ್ತಿದ್ದಳು. ಜನವರಿಯ ಶಿಬಿರಕ್ಕೆ ಹೋಗುವ ಆಸೆಯೂ ಅದಕ್ಕೇ. ಒಂದು ದಿನ ಮಾಂಸದ ಕಡುಬು ತಿನ್ನುತ್ತಾ ಕಾರಿನಲ್ಲಿ ಹೇಳಿದಳು. "ಅಲ್ಲಿ ನಾನೇನಾದ್ರೂ ಹೇಳಿದ್ರೆ ತಪ್ಪು ಅನ್ನೋರು ಇರ್ತಾರೆ ತಾತ. ಇಲ್ಲಿ ಎಲ್ರೂ ಜಾಣೆ ಅಂತಾರೆ, ಅಷ್ಟೇ."

ಈ ವರ್ಷ ಅವಳು ಹನ್ನೊಂದನೇ ತರಗತಿ. ಶಾಲೆಯಲ್ಲಿ ಇನ್ನೂ ಒಂದು ವರ್ಷ ಉಳಿದಿರುವವರಿಗೆ ಮಾತ್ರ ಶಿಬಿರ ಎಂದು ತಮ್ಮದೇ ನಿಯಮ. ಅಂದರೆ ಇದು ಕೊನೆಯ ಅವಕಾಶವಾಗಿತ್ತು.

ಆಯ್ಕೆ ಪರೀಕ್ಷೆ ಸೆಪ್ಟೆಂಬರಿನ ಮೊದಲ ಮಂಗಳವಾರ. ನಾಲ್ಕು ಲೆಕ್ಕ, ನಾಲ್ಕು ಗಂಟೆ, ಲೆಕ್ಕಕ್ಕೆ ಏಳು ಅಂಕ. ಹಿಂದಿನ ಎರಡು ವರ್ಷ ಮಿಸ್ ಸ್ಪಿಟೇರಿಯೇ ಮೇಲ್ವಿಚಾರಣೆ ಮಾಡಿದ್ದರು. ತಮ್ಮ ಸೂಚನಾಪತ್ರದಲ್ಲಿ ಬೆಳಗ್ಗೆ ಸರಿಯಾಗಿ ಒಂಬತ್ತಕ್ಕೆ ಎಂದಷ್ಟೇ ಇದ್ದರೂ ಅವರು ನಮ್ಮ ಎಂಟೂವರೆಗೇ ಪ್ರಶ್ನೆಪತ್ರಿಕೆಯ ಪೊಟ್ಟಣ ಒಡೆಯುತ್ತಿದ್ದರು. ಅವರು ಯಾರಿಗೂ ಹೇಳಲಿಲ್ಲ, ನಮಗೂ ತಿಳಿಯಲಿಲ್ಲ. ಟೇಗನ್‌ಗೆ ಆ ವರ್ಷಗಳಲ್ಲಿ ಪರೀಕ್ಷೆ ಬರೆಯುವ ವಯಸ್ಸಾಗಿರಲಿಲ್ಲ, ಬರೆದವರು ಬೇರೆ ಮಕ್ಕಳು. ಈ ಸಲ ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಮಿಸ್ ಸ್ಪಿಟೇರಿಯ ಕಣ್ಣೊಳಗಿನ ಪರದೆ ಹರಿಯಿತು. ಅವಸರದಲ್ಲಿ ಅಡಿಲೇಡಿಗೆ ಕರೆದೊಯ್ದರು. ಆಪರೇಷನ್ ಆದ ಮೇಲೆ ಕವುಚಿ ಮಲಗಿರಬೇಕು, ಯಾರೊಂದಿಗೂ ಮಾತಿಲ್ಲ. ಮೇಲ್ವಿಚಾರಣೆ ಶಾಲೆಯ ಗ್ರಂಥಪಾಲಕಿ ಗ್ಲೆನಿಸ್ ಪಾಲಿಗೆ ಬಂತು.

ಆ ಬೆಳಗ್ಗೆ ಎಂಟು ಇಪ್ಪತ್ತಕ್ಕೆ, ನಮ್ಮ ಎಂಟು ಇಪ್ಪತ್ತಕ್ಕೆ, ನಾನು ಟೇಗನ್‌ಳನ್ನು ಇಳಿಸಿದೆ. ಗ್ಲೆನಿಸ್ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

"ಮರ್ವ್, ಇದ್ರಲ್ಲಿ ಒಂಬತ್ತು ಅಂತ ಮಾತ್ರ ಇದೆ. ನಮ್ಮ ಒಂಬತ್ತಾ, ಸಿಡ್ನಿ ಒಂಬತ್ತಾ? ಒಂದು ಫೋನ್ ಮಾಡಿ ಕೇಳ್ಲಾ?"

ಹತ್ತು ನಿಮಿಷ ಇತ್ತು ಮಾನ್ಯರೇ. ಫೋನ್ ಮಾಡಬಹುದಿತ್ತು.

"ಕೇಳೋದೇನಿದೆ ಗ್ಲೆನಿಸ್," ಎಂದೆ. "ಈ ಊರಲ್ಲಿ ಇರೋದು ಒಂದೇ ಒಂಬತ್ತು. ಸಿಡ್ನಿಯೋರಿಗೆ ಕೋಳಿ ಬೇಗ ಕೂಗಿದ್ರೆ ಅದು ಅವರ ಹಣೆಬರಹ."

ಗ್ಲೆನಿಸ್ ನಕ್ಕಳು. ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು ಚಹಾ ಮಾಡಲು ಒಳಗೆ ಹೋದಳು. ನಾನು ಕ್ಲಬ್ಬಿಗೆ ಹೋಗಿ ಕೋಳಿಯ ಮಾತನ್ನು ಇನ್ನಿಬ್ಬರಿಗೆ ಹೇಳಿ ಅವರನ್ನೂ ನಗಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದೂ ಆಯಿತು, ಒಡೆದದ್ದೂ ಆಯಿತು.

ಮಧ್ಯಾಹ್ನ ಒಂದಕ್ಕೆ ಅವಳು ಹೊರಗೆ ಬಂದಾಗ ಕೈಬೆರಳೆಲ್ಲ ಶಾಯಿ. ಮೂರು ಲೆಕ್ಕ ಸುಮಾರಾಗಿ ಆಗಿವೆ ಎಂದಳು. ನಾಲ್ಕನೆಯದರ ಸುದ್ದಿ ಹೇಳುವಾಗ ಮಾತ್ರ ಅವಳ ದನಿ ಬೇರೆಯಾಯಿತು. ಮನೆ ಮುಟ್ಟುವಷ್ಟರಲ್ಲಿ ನನಗೆ ಆ ಲೆಕ್ಕ ಬಾಯಿಪಾಠ. ಒಂದು ಊರಿದೆ, ರಸ್ತೆಗಳು ಕೂಡುವ ಕಡೆಯಲ್ಲೆಲ್ಲ ಒಂದು ದೀಪ, ಅದಕ್ಕೊಂದು ಗುಂಡಿ. ಗುಂಡಿ ಒತ್ತಿದರೆ ಆ ದೀಪವೂ, ಅಲ್ಲಿಂದ ಹೊರಟ ರಸ್ತೆಗಳ ಆಚೆ ತುದಿಯ ದೀಪಗಳೂ ಬದಲಾಗುತ್ತವೆ, ಉರಿಯುತ್ತಿದ್ದದ್ದು ಆರುತ್ತದೆ, ಆರಿದ್ದು ಉರಿಯುತ್ತದೆ. ಮೊದಲು ಎಲ್ಲ ಉರಿಯುತ್ತಿವೆ. ಊರು ಯಾವುದೇ ಇರಲಿ, ರಸ್ತೆ ಹೇಗೇ ಇರಲಿ, ಎಲ್ಲ ದೀಪಗಳನ್ನೂ ಆರಿಸಲು ಸಾಧ್ಯವೆಂದು ಸಾಧಿಸಿ ತೋರಿಸಬೇಕು. ಎರಡು ಗಂಟೆ ಅದರ ಜೊತೆ ಗುದ್ದಾಡಿದಳಂತೆ. ಕೊನೆಗೆ ಹೊಳೆಯಿತಂತೆ. "ಒಂದು ಕೂಡುರಸ್ತೆನ ಮರೆತುಬಿಡೋದು ತಾತ. ಉಳಿದ ಊರನ್ನ ಆರಿಸೋದು. ಆಮೇಲೆ ಮರೆತದ್ದು ಏನಾಯ್ತು ಅಂತ ತಿರುಗಿ ಬಂದು ನೋಡೋದು. ಹೀಗೆ ಪ್ರತಿಯೊಂದನ್ನೂ ಒಂದೊಂದು ಸಲ ಮರೀಬೇಕು." ನನಗೆ ಅರ್ಥವಾಗಲಿಲ್ಲ. ಅವಳ ಮುಖ ನೋಡಿದರೆ ಸಾಕಾಗಿತ್ತು. ನೆಲದ ಕೆಳಗೆ ಹೊಸ ಅದಿರಿನ ಪದರ ಕಂಡವನ ಮುಖ ಹಾಗಿರುತ್ತದೆ, ನಾನು ಎರಡೇ ಸಲ ಕಂಡಿದ್ದೇನೆ.

ಗ್ಲೆನಿಸ್ ಲಕೋಟೆಯ ಹೊರಗೆ ಲಗತ್ತಿಸುವ ತಮ್ಮ ನಮೂನೆಯಲ್ಲಿ ಆರಂಭದ ಸಮಯ ಒಂಬತ್ತು ಗಂಟೆ ಎಂದು ಬರೆದು, ಪಕ್ಕದಲ್ಲಿ ತನ್ನ ಮುತ್ತಿನಂಥ ಅಕ್ಷರದಲ್ಲಿ 'ನಮ್ಮೂರ ಸಮಯ' ಎಂದೂ ಬರೆದಳು. ಆ ಎರಡು ಪದ ಬರೆಯದಿದ್ದರೆ ತಮಗೆ ತಿಳಿಯುತ್ತಲೇ ಇರಲಿಲ್ಲ. ಪ್ರಾಮಾಣಿಕಳು, ಬರೆದಳು. ತಾವು ಆ ಎರಡು ಪದವನ್ನು ಮಾತ್ರ ಓದಿದಿರಿ. ಅದರ ಜೊತೆಗಿದ್ದ ಹದಿನೇಳು ಹಾಳೆಯನ್ನು ಓದಲಿಲ್ಲ.

ನಿಯಮ ಯಾಕಿದೆ ಎಂದು ನನಗೆ ಗೊತ್ತು. ಸಿಡ್ನಿಯಲ್ಲಿ ಒಂಬತ್ತಕ್ಕೆ ಪ್ರಶ್ನೆ ನೋಡಿದವನು ಒಂಬತ್ತೂವರೆಗೆ ಕೂರುವವಳಿಗೆ ಹೇಳಿಬಿಡಬಹುದು. ನಮ್ಮ ಹುಡುಗಿಯ ಫೋನು ಗ್ಲೆನಿಸ್‌ಳ ಮೇಜಿನ ಒಳಗಿತ್ತು, ಅವಳಿಗೆ ಸಿಡ್ನಿಯಲ್ಲಿ ಗೊತ್ತಿರುವುದು ಅಂಚಿನಲ್ಲಿ ಗುರುತು ಹಾಕುವ ಒಂದು ಪೆನ್ಸಿಲ್ ಮಾತ್ರ. ಆದರೂ ಆ ವಾದ ಬೇಡ. ಗಡಿಯಾರಕ್ಕೆ ಮರ್ಯಾದೆ ಕೊಡುವುದನ್ನು ತಾವು ನನಗೆ ಕಲಿಸಬೇಕಾಗಿಲ್ಲ. ಗಣಿಯಲ್ಲಿ ಸಿಡಿಮದ್ದು ಹೊತ್ತಿಸುವ ಹೊತ್ತು ಎಂದರೆ ಅದೇ ಹೊತ್ತು, ಒಂದು ನಿಮಿಷ ಆಚೀಚೆ ಆದರೆ ಹೆಣ ಮೇಲೆ ಬರುತ್ತದೆ. ಸಮಯ ತಪ್ಪಿದವರನ್ನು ಆಯ್ಕೆಗೆ ಪರಿಗಣಿಸುವುದಿಲ್ಲ ಎಂದು ನಿಯಮವಿದೆಯೇ, ಪರಿಗಣಿಸಬೇಡಿ. ಆದರೆ ಪರಿಗಣಿಸುವುದಿಲ್ಲ ಎಂಬುದರಿಂದ ಓದುವುದಿಲ್ಲ ಎಂಬುದಕ್ಕೆ ತಾವು ಹೇಗೆ ಬಂದಿರಿ? ಮಧ್ಯದಲ್ಲಿ ಒಂದು ಮೆಟ್ಟಿಲು ಹಾರಿದ್ದೀರಲ್ಲ? ಮಕ್ಕಳಿಗೆ ಹೀಗೆ ಹಾರಬಾರದೆಂದು ಕಲಿಸುವ ಸಮಿತಿಯ ಅಧ್ಯಕ್ಷರು ತಾವೇ ತಾನೆ? ಊರು ಯಾವುದೇ ಇರಲಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಬರೆದವರಿಗೆ, ತಮ್ಮದೇ ರಾಜ್ಯದ ಒಂದು ಊರಿನ ಗಡಿಯಾರ ಬೇರೆ ಎಂದು ನೆನಪಾಗಲಿಲ್ಲವೇ? ಸೂಚನಾಪತ್ರದಲ್ಲಿ 'ಸಿಡ್ನಿಯ' ಎಂಬ ಒಂದು ಪದ ಸೇರಿಸಿದ್ದರೆ ತಮ್ಮ ಶಾಯಿ ಬತ್ತಿಹೋಗುತ್ತಿತ್ತೇ?

ಇಷ್ಟು ಬೈದು ನನ್ನ ಪಾಲಿಗೆ ಬರುತ್ತೇನೆ.

ತಮ್ಮ ಪತ್ರ ಬಂದ ದಿನ ನಾನು ಕೂಗಾಡಿದೆ. ತಮ್ಮನ್ನು, ಸಿಡ್ನಿಯನ್ನು, ಗ್ಲೆನಿಸ್‌ಳನ್ನು ಕೂಡ ಬೈದೆ. ಟೇಗನ್ ಪಾತ್ರೆ ಒರೆಸುತ್ತಾ ನಿಂತಿದ್ದಳು. ನನ್ನ ಉಸಿರು ಮುಗಿಯುವ ತನಕ ಕಾದು ಹೇಳಿದಳು.

"ನಂಗೆ ಅನುಮಾನ ಇತ್ತು ತಾತ. ಎಲ್ಲ ಕಡೆ ಒಟ್ಟಿಗೆ ಅಂದ್ರೆ ಸಿಡ್ನಿ ಟೈಮೇ ಇರ್ಬೇಕು ಅಂತ ಮೆಟ್ಟಿಲ ಮೇಲೇ ಅನ್ನಿಸ್ತು."

"ಮತ್ತೆ ಬಾಯಿ ಯಾಕೆ ಬಿಡ್ಲಿಲ್ಲ?"

"ನೀನು ಅಷ್ಟು ಗಟ್ಟಿಯಾಗಿ ಹೇಳಿದ್ಯಲ್ಲ. ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ."

ಮೂರು ವರ್ಷ ಅವಳು ಯಾರ ಮಾತನ್ನೂ ಆಧಾರವಿಲ್ಲದೆ ಒಪ್ಪಲಿಲ್ಲ. ಪುಸ್ತಕದಲ್ಲಿ ಅಚ್ಚಾದದ್ದನ್ನೂ ಒಪ್ಪಲಿಲ್ಲ. ಯಾಕೆ ಎಂದು ಕೇಳದೆ ಅವಳು ಒಪ್ಪಿಕೊಂಡ ಒಂದೇ ಒಂದು ಮಾತು ನನ್ನದು. ಅದೂ ಅವಳಿಗೆ ಗೊತ್ತಿಲ್ಲದೆ ಅಲ್ಲ, ಗ್ಲೆನಿಸ್ ಎದುರು ತಾತನ ಮುಖ ಸಣ್ಣದಾಗಬಾರದೆಂದು. ಹೀಗೆಂದು ಅವಳು ಹೇಳಲಿಲ್ಲ. ಹೇಳದಿದ್ದರೂ ಇಷ್ಟು ಲೆಕ್ಕ ನನಗೂ ಬರುತ್ತದೆ.

ಅಂದಿನಿಂದ ಅವಳು ಲೆಕ್ಕ ಮುಟ್ಟಿಲ್ಲ. ತಮ್ಮ ಅಕ್ಟೋಬರ್ ತಿಂಗಳ ಐದು ಲೆಕ್ಕ ಫ್ರಿಜ್ಜಿನ ಮೇಲೆ ಒಡೆಯದೇ ಬಿದ್ದಿವೆ. ಶನಿವಾರಗಳಲ್ಲಿ ಬೇಕರಿಯಲ್ಲಿ ನಿಲ್ಲುತ್ತಾಳೆ. ನನ್ನ ಮೇಲೆ ಸಿಟ್ಟಾಗಿದ್ದರೆ ಸುಲಭವಿತ್ತು, ಸಿಟ್ಟಿನ ಜೊತೆ ಸಂಸಾರ ಮಾಡಿ ನನಗೆ ಅಭ್ಯಾಸವಿದೆ. ಅವಳು ನನಗೆ ಚಹಾ ಮಾಡಿಕೊಡುತ್ತಾಳೆ. ಪರವಾಗಿಲ್ಲ ತಾತ ಎನ್ನುತ್ತಾಳೆ. ಆ ಪರವಾಗಿಲ್ಲ ನನ್ನ ಎದೆಯ ಮೇಲೆ ಬಂಡೆಯಂತೆ ಕೂತಿದೆ.

ಮಿಸ್ ಸ್ಪಿಟೇರಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಮನೆಗೆ ಬಂದರು. ಕೊಡು, ಇರುವ ಕಣ್ಣಲ್ಲಿ ನಾನು ಓದುತ್ತೇನೆ ಎಂದರು. ಹುಡುಗಿ ಲಕೋಟೆಯನ್ನು ಎದೆಗೆ ಒತ್ತಿಕೊಂಡಳು. "ನೀವು ನನ್ನ ಮೇಲಿನ ಪ್ರೀತಿಗೆ ಓದ್ತೀರಿ ಮಿಸ್. ನನ್ನ ಗೊತ್ತಿಲ್ಲದೋರು ಓದ್ಬೇಕಿತ್ತು." ಮೇಡಂ ಯಾಕೆ ಎಂದು ಕೇಳಲಿಲ್ಲ. ನಾನು ಕಂಡ ಹಾಗೆ ಅವರು ಕೇಳದೇ ಹೋದದ್ದು ಅದೊಂದೇ ಸಲ.

ಹೋದ ಭಾನುವಾರ ನಾನು ಅವಳನ್ನು ಕೇಳಿದೆ. ಈ ಲಕೋಟೆಯನ್ನು ಇನ್ನೊಮ್ಮೆ ಸಮಿತಿಯವರಿಗೆ ಕಳಿಸಲೇ, ಪತ್ರಿಕೆಯಲ್ಲೂ ಬರೆಯಲೇ ಎಂದು. ಹೇಳಲಿಲ್ಲ, ಕೇಳಿದೆ. ಎಪ್ಪತ್ತೆಂಟಕ್ಕೆ ಕಲಿತ ವಿದ್ಯೆ. ಕಳಿಸು, ಆದರೆ ಶಿಬಿರ ಕೇಳಬೇಡ ಎಂದಳು.

ಆದ್ದರಿಂದ ಕೇಳುವುದಿಲ್ಲ. ತಾವು ಆರಿಸಿದ ಮೂವತ್ತು ಮಕ್ಕಳ ಪಟ್ಟಿ ಹಾಗೇ ಇರಲಿ, ಅವರೂ ದುಡಿದವರೇ, ಜನವರಿಯಲ್ಲಿ ಚೆನ್ನಾಗಿ ಕಲಿಯಲಿ. ನಿಯಮವನ್ನೂ ಮುರಿಯಬೇಡಿ. ತೀರ್ಮಾನ ಅಂತಿಮವಾಗಿಯೇ ಇರಲಿ. ಹದಿನೇಳು ಹಾಳೆಗಳ ಆ ಲಕೋಟೆ ಈ ಪತ್ರದ ಜೊತೆ ಮತ್ತೆ ತಮ್ಮ ಮೇಜಿಗೆ ಬರುತ್ತಿದೆ. ಅಂಟು ಬಿಚ್ಚಿ. ಅವಳನ್ನು ಎಂದೂ ಕಾಣದ ಒಬ್ಬರ ಕೈಗೆ ಕೊಡಿ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಲು ಹೇಳಿ. ಸರಿಯಿದ್ದ ಕಡೆ ಸರಿ ಎನ್ನಲಿ, ತಪ್ಪಿದ್ದ ಕಡೆ ಎಲ್ಲಿ ತಪ್ಪಿದ್ದಾಳೆಂದು ತೋರಿಸಲಿ. ದೊಡ್ಡ ಊರಿಗೆ ಹೋಗಲು ಸಿಗಲಿಲ್ಲವೆಂದು ನನ್ನ ಮೊಮ್ಮಗಳ ಎದೆ ಒಡೆದಿಲ್ಲ. ತಾನು ಎರಡು ಗಂಟೆ ಹೋರಾಡಿ ಕಂಡುಕೊಂಡದ್ದು ನಿಜವೋ ಸುಳ್ಳೋ ಹೇಳುವವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲದೆ ಹೋದರಲ್ಲ, ಅದಕ್ಕೆ ಒಡೆದಿದೆ.

ಕರುಣೆಯ ಅಂಕ ಒಂದೂ ಬೇಡ. ಕೊಟ್ಟರೆ ಅವಳಿಗೆ ಗೊತ್ತಾಗುತ್ತದೆ. ಇಪ್ಪತ್ತೆಂಟಕ್ಕೆ ಸೊನ್ನೆ ಬಂದರೆ ಸೊನ್ನೆಯನ್ನೇ ಬರೆದು ಕಳಿಸಿ. ಓದಿ ಕೊಟ್ಟ ಸೊನ್ನೆಯಾಗಿದ್ದರೆ ಸಾಕು.

ಇಂತಿ,
ಯಾರ ಉತ್ತರಕ್ಕೂ ಕಾದು ಅಭ್ಯಾಸವಿಲ್ಲದ, ಈಗ ದಿನಾ ಅಂಚೆಪೆಟ್ಟಿಗೆ ತೆರೆದು ನೋಡುವ
ಮರ್ವಿನ್ ಟ್ರೆಗೋನಿಂಗ್
ನಿವೃತ್ತ ಗಣಿ ಕೆಲಸಗಾರ, ಬ್ರೋಕನ್ ಹಿಲ್